ಖಾಲಿ ಬಾಟ್ಲಿಯ ಕರ್ಪೂರ

ನಮ್ಮ ಶಿರಸಿ ಲ್ಯಾಬಿನ ಎಣ್ಣೆ ಪರೀಕ್ಷೆಯ ಯಂತ್ರಕ್ಕೆ ದಿನಾ ಬೆಳಿಗ್ಗೆ ಮಂಗಳಾರತಿ. ಎತ್ತುವವರು ಮ್ಯಾನೇಜರ್ ಅಂದಾನಪ್ಪ ಸಾಹೇಬರು. ಯಂತ್ರ ಬಂದ ದಿನ ಎಷ್ಟು ಗುದ್ದಾಡಿದರೂ ಶುರುವಾಗಲಿಲ್ಲ, ಆರತಿ ಎತ್ತಿದ ಮೇಲೆ ಶುರುವಾಯಿತಂತೆ. ಅವರು ಆರತಿ ಎತ್ತುವಾಗ ಹಿಂದೆ ಹೋಗಿ ಗ್ಯಾಸ್ ಸಿಲಿಂಡರಿನ ಕೀಲಿ ತಿರುವಿದವಳು ನಾನು, ಈ ನೇತ್ರಾ. ಯಾರು ಕೇಳ್ತಾರೆ ಬಿಡಿ. ಅಂದಿನಿಂದ ಕರ್ಪೂರದ ಡಬ್ಬಿ ಸ್ಯಾಂಪಲ್ ಬಾಟ್ಲಿಗಳ ಡ್ರಾಯರಿನಲ್ಲೇ ವಾಸ.

ಯಂತ್ರ ಬಾಟ್ಲಿಯೊಳಗಿನ ಗಾಳಿ ಹೀರಿ, ಅದರಲ್ಲಿ ಏನೇನಿದೆಯೋ ಎಲ್ಲ ಬೇರೆ ಬೇರೆ ಮಾಡಿ, ಒಂದೊಂದನ್ನೂ ಅದರದರ ಹೊತ್ತಿಗೆ ಹೊರಬಿಡುತ್ತದೆ. ಕಂಪ್ಯೂಟರ್ ಗೆರೆ ಎಳೆಯುತ್ತಾ, ಗೆರೆ ಎದ್ದಲ್ಲೆಲ್ಲ ಇದು ಇಂಥದ್ದು ಅಂತ ಹೆಸರು ಹೇಳುತ್ತದೆ. ಬೆರಕೆ ಕಂಡರೆ, ಎಣ್ಣೆ ಕೊಟ್ಟವರ ಹೆಸರನ್ನು ಹೊರಗಿನ ಹಾಲ್‌ನ ಟಿವಿಯಲ್ಲಿ ಕೆಂಪಕ್ಷರದಲ್ಲಿ ತಾನೇ ಹಾಕಿಬಿಡುತ್ತದೆ. ಮರುಪರೀಕ್ಷೆಯಲ್ಲಿ ಪಾಸಾದರೆ ಹಸಿರು, ಇಲ್ಲದಿದ್ದರೆ ಸಂಜೆತನಕ ಕೆಂಪೇ. ಈ ಘನಂದಾರಿ ಐಡಿಯಾವೂ ಸಾಹೇಬರದ್ದೇ.

ಮೊನ್ನೆ ಗುಡ್ನಾಪುರದ ಅನ್ನಪೂರ್ಣವ್ವನ ಹೆಸರು ಕೆಂಪಾಗಿ ಬಂತು. ಮಜ್ಜಿಗೆಹುಲ್ಲು ಬೇಯಿಸಿ ಸುಗಂಧದ ಎಣ್ಣೆ ಇಳಿಸುವವರು ಅವರು. "ಕರ್ಪೂರ ಬೆರಕೆ" ಅಂತ ಹಾಲ್‌ನಲ್ಲಿದ್ದವರೆಲ್ಲ ಓದಿದರು. ಎಣ್ಣೆ ಕೊಳ್ಳಲು ಬಂದವನು ಫೋನು ಕಿವಿಗಿಟ್ಟುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದ.

"ನನ್ನ ಹೆಸರಿಗೆ ಮಸಿ ಬಳದ್ರಲ್ಲ ತಂಗಿ," ಅಂದರು ಅನ್ನಪೂರ್ಣವ್ವ. "ಇನ್ನ ನನ್ನ ಎಣ್ಣಿ ಯಾರ್ ತಗೋತಾರ?"

ನನಗೆ ಸಿಟ್ಟು ಬಂತು. ಹೋಗಿ ಡ್ರಾಯರ್ ಎಳೆದೆ. ಕರ್ಪೂರ ಘಮ್ಮಂತ ಮೂಗಿಗೆ ಬಡಿಯಿತು. ಸಾಹೇಬರನ್ನು ಕರೆದೆ.

"ಸರ್, ಕರ್ಪೂರ ಅವರ ಎಣ್ಣೇಲಿಲ್ಲ. ನಮ್ಮ ಬಾಟ್ಲೀಲೇ ಅದೆ."

"ದೇವರ ಕರ್ಪೂರ ಬೆರಕಿ ಹೆಂಗಾಕ್ಕೈತಿ? ನಿನಗ ಭಕ್ತಿ ಇಲ್ಲ, ಅದಕ್ಕ ಹಿಂಗ ಮಾತಾಡ್ತಿ."

ಭಕ್ತಿಯಂತೆ ಭಕ್ತಿ. ಅವರ ಕಣ್ಣೆದುರೇ ಅದೇ ಡ್ರಾಯರಿನಿಂದ ಒಂದು ಖಾಲಿ ಬಾಟ್ಲಿ ತೆಗೆದು, ಮುಚ್ಚಳ ಬಿಗಿದು ಯಂತ್ರಕ್ಕಿಟ್ಟೆ. ಹೆಸರು ತುಂಬದೆ ಕಂಪ್ಯೂಟರ್ ಮುಂದೆ ಹೋಗುವುದಿಲ್ಲ.

"ನಂದ ಹಾಕು," ಅಂದರು ಸಾಹೇಬರು. "ನನ್ನೊಳಗ ಏನ್ ಬೆರಕಿ ಸಿಗತೈತಿ ನೋಡೂಣು."

ಹಾಕಿದೆ. ಪರದೆಯ ಮೇಲೆ ಗೆರೆ ನೆಲ ಹಿಡಿದು ನೆಟ್ಟಗೆ ಹೋಗುತ್ತಿತ್ತು. ಸಾಹೇಬರು ಮೀಸೆ ನೀವಿಕೊಂಡರು. ಕರ್ಪೂರ ಬರುವ ಹೊತ್ತಿಗೆ ಸರಿಯಾಗಿ ಗೆರೆ ಸೊಂಯ್ ಅಂತ ಮೇಲೆದ್ದಿತು. ಹೊರಗೆ ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೋಗಿ ನೋಡಿದರೆ ಟಿವಿಯಲ್ಲಿ ಅನ್ನಪೂರ್ಣವ್ವನ ಹೆಸರಿನ ಕೆಳಗೇ ಕೆಂಪಾಗಿ ಬಂದಿತ್ತು: "ಅಂದಾನಪ್ಪ. ಕರ್ಪೂರ ಬೆರಕೆ. ತಿರಸ್ಕೃತ."

"ತಗಿ, ತಗಿ ಅದನ್ನ."

"ಸಂಜೆತನಕ ತೆಗೆಯೋಕೆ ಬರೋದಿಲ್ಲ ಸರ್, ಮರುಪರೀಕ್ಷೆಗೆ ನಿಮ್ಮ ಎಣ್ಣೆಯೇ ಇಲ್ವಲ್ಲ. ನಿಮ್ಮದೇ ರೂಲ್ಸು."

ಸಾಹೇಬರು ಕರ್ಪೂರದ ಡಬ್ಬಿ ಎತ್ತಿಕೊಂಡು ಹೋಗಿ ಜೀಪಿನಲ್ಲಿಟ್ಟು ಬಂದರು. ಹೊಸ ಬಾಟ್ಲಿಗಳ ಪೊಟ್ಟಣವನ್ನು ತಾವೇ ಒಡೆದುಕೊಟ್ಟರು. ಅನ್ನಪೂರ್ಣವ್ವನ ಎಣ್ಣೆ ಸಲೀಸಾಗಿ ಪಾಸಾಗಿ ಹೆಸರು ಹಸಿರಾಯಿತು. ಕೊಳ್ಳುವವನೂ ಹಲ್ಲು ಗಿಂಜುತ್ತಾ ವಾಪಸು ಬಂದ, ವ್ಯಾಪಾರ ಕುದುರಿತು. ಆದರೂ ಅನ್ನಪೂರ್ಣವ್ವ ಟಿವಿಯೆದುರಿನ ಕುರ್ಚಿ ಬಿಟ್ಟು ಏಳಲೇ ಇಲ್ಲ.

"ನಿಮ್ಮ ಬಸ್ಸು ಹೊರಡ್ತದೆ, ಅಮ್ಮಾ," ಅಂದೆ.

"ಹೋಗ್ಲಿ ಬಿಡು ತಂಗಿ, ಸಂಜೀ ಬಸ್ಸಿಗೆ ಹೋಗ್ತೀನಿ," ಅಂದರು. "ಸಾಹೇಬ್ರ ಹೆಸರು ಒಂದ ಕೆಂಪಗ ಉಳದೈತಿ ಅಲ್ಲಿ. ಜೋಡಿಗೆ ಯಾರರ ಕುಂದ್ರಬೇಕಲ್ಲ."