ಹಳದಿ ಬೋರ್ಡಿನ ಮುಂದಿನ ನಾಲ್ಕು ಸಾಲು

ಬ್ಯಾಡಗಿ ದಾಟಿ ರಾಣೆಬೆನ್ನೂರಿನ ಕಡೆ ಹಳಿ ಹೊರಳುವಲ್ಲಿ ಜಲ್ಲಿ ಕುಸಿದಿತ್ತು. ರಿಪೇರಿ ಮುಗಿಯುವತನಕ ಗಾಡಿಗಳು ಅಲ್ಲಿ ನಿಧಾನ ಹೋಗಲೆಂದು ರೈಲ್ವೆ ಗ್ಯಾಂಗಿನ ಮೇಸ್ತ್ರಿ ಹಾಲೇಶಪ್ಪ ಮುಂಚೆಯೇ ಕಾಣುವಂತೆ ಹಳದಿ ಬೋರ್ಡು ನೆಟ್ಟಿದ್ದ. ಆಗ ಪಕ್ಕದಲ್ಲಿ ಅವನ ಅಕ್ಕ ಹೊಳಿಯವ್ವನ ಗೋವಿನಜೋಳ ಇನ್ನೂ ಮೊಳಕೆ. ನಿಧಾನ ಹೋಗುವುದು ತಾತ್ಕಾಲಿಕ ಅಂದಿದ್ದರು. ಎಂಥ ತಾತ್ಕಾಲಿಕವೋ! ಅದು ಮುಗಿಯುವ ಮೊದಲೇ ಜೋಳ ಆಳೆತ್ತರವಾಗಿ ತೆನೆ ಬಿಟ್ಟಿತು.

ಬೋರ್ಡಿನ ಮುಂದಿನ ನಾಲ್ಕು ಸಾಲನ್ನು ಹೊಳಿಯವ್ವ ರೈಲ್ವೆ ಜಾಗದಲ್ಲಿ ಒತ್ತಿ ಬಿತ್ತಿದ್ದಳು. ಮೇಸ್ತ್ರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಒಡಹುಟ್ಟಿದವಳು, ಗ್ಯಾಂಗಿನ ಮಂದಿಗೆಲ್ಲ ದಿನಾ ಮಜ್ಜಿಗೆ ಕೊಡುವವಳೂ ಅವಳೇ. ನೋಡಿಯೂ ನೋಡದಂತಿದ್ದ.

ಗ್ಯಾಂಗಿನ ಯಲ್ಲೇಶ ಮಾತ್ರ ಬಿಡಲಿಲ್ಲ. "ಮೇಸ್ತ್ರೀ, ಬೋರ್ಡ್ ಮುಚ್ಚಿ ಹೋಗೈತ್ರಿ. ಡ್ರೈವರ್ ಏನ್ ಜೋಳದಾಗ ಹಣಿಕಿ ನೋಡ್ತಾನ?"

"ಎಲ್ಲೆಲ್ಲಿ ನಿಧಾನ ಹೋಗಬೇಕಂತ ಅವರಿಗೆ ಕಾಗದ ಕೊಟ್ಟಿರ್ತಾರಲ್ಲೋ."

"ಕಾಗದದಾಗ ಹತ್ತು ಜಾಗ ಇರ್ತಾವ್ರಿ. ಬೋರ್ಡ್ ಕಂಡ್ರನ ನೆನಪಾಗೂದು."

ಮಾತು ಖರೆಯೇ. ಹಾಲೇಶಪ್ಪ ಕುಡುಗೋಲು ಹಿಡಿದು ಹೋದ. ಹೊಳಿಯವ್ವ ಅಡ್ಡ ನಿಂತಳು.

"ತೆನ್ಯಾಗ ಈಗ ಹಾಲು ತುಂಬಾಕತ್ತೈತಿ. ಕೊಯ್ಯಾಕ ನಿನಗ ಕೈಯಾದ್ರೂ ಹೆಂಗ ಬರ್ತೈತೋ ತಮ್ಮಾ? ಒಂದ ವಾರ ತಡಿ, ನಾನ ಮುರಕೊಂತೇನಿ."

ಅಕ್ಕನ ಮಾತು ಮೀರಲಾರದೆ ವಾಪಸು ಬಂದ. ಹಾಳು ದಾಕ್ಷಿಣ್ಯ!

ಆ ವಾರ ತುಂಬಲಿಲ್ಲ. ಮಧ್ಯಾಹ್ನ ಹಳಿಗೆ ಜಾಕ್ ಕೊಟ್ಟು ಎತ್ತಿ, ಅಡಿಗೆ ಜಲ್ಲಿ ತುಂಬುತ್ತಿದ್ದರು. ಗಾಡಿ ನಿಧಾನ ಬಂದರೆ ಜಾಕ್ ತೆಗೆದು ಸರಿಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಅಂದು ಬಂದ ಗಾಡಿ ನಿಧಾನ ಬರಲಿಲ್ಲ. ಎಲ್ಲರೂ ಪಕ್ಕಕ್ಕೆ ಹಾರಿದರು. ಒಂದು ಜಾಕ್ ಹಳಿಯಡಿಯೇ ಉಳಿಯಿತು. ಅದಿದ್ದರೆ ಗಾಡಿಯೇ ಉರುಳುತ್ತಿತ್ತು. ಯಲ್ಲೇಶ ತಿರುಗಿ ಓಡಿದ. ಜಾಕ್ ಹೊರಗೆ ಬಂತು, ಯಲ್ಲೇಶ ಬರಲಿಲ್ಲ.

ಗಾಡಿಯೊಳಗಿನ ಮಂದಿ ತಡವಾಯಿತೆಂದು ಗೊಣಗುತ್ತ ರಾಣೆಬೆನ್ನೂರಿನಲ್ಲಿ ಇಳಿದು ಮನೆಗೆ ಹೋದರು.

ಯಲ್ಲೇಶನ ಮಣ್ಣಾದ ಮೇಲೆ ರೈಲ್ವೆ ಸಾಹೇಬರು ಹಾವೇರಿಯಲ್ಲಿ ವಿಚಾರಣೆಗೆ ಕೂತರು. ಡ್ರೈವರಿಗೆ ಮುಂಚೆಯೇ ಮೊಬೈಲಿನಲ್ಲಿ ಗಂಟೆ ಬಾರಿಸಬೇಕು, ಬೋರ್ಡಿಗೆ ದೀಪ ಹಾಕಿಸಬೇಕು ಎಂದೆಲ್ಲ ಮಾತಾಯಿತು. ಒಳ್ಳೆಯ ಮಾತೇ, ಯಲ್ಲೇಶನಿಗೆ ಮಾತ್ರ ದಕ್ಕಲಿಲ್ಲ. ಮೂಲೆಯಲ್ಲಿ ಡ್ರೈವರು ತಲೆ ತಗ್ಗಿಸಿ ಕೂತಿದ್ದ.

"ಬೋರ್ಡ್ ಇತ್ತೇನು?" ಎಂದು ಸಾಹೇಬರು ಕೇಳಿದರು.

"ಇತ್ತ್ರಿ," ಅಂದ ಹಾಲೇಶಪ್ಪ. ಅಷ್ಟಕ್ಕೇ ಸುಮ್ಮನಿದ್ದರೆ ನೌಕರಿ ಉಳಿಯುತ್ತಿತ್ತು. "ಆದ್ರ ಕಾಣ್ತಿರಲಿಲ್ರಿ. ಅಡ್ಡ ಇದ್ದ ಜೋಳ ನಾ ಕೊಯ್ಸಲಿಲ್ಲ. ಆ ಡ್ರೈವರಪ್ಪನ್ನ ಬಿಟ್ಟುಬಿಡ್ರಿ."

ಅಕ್ಕನ ಹೆಸರು ಎತ್ತಲಿಲ್ಲ.

ಸಂಜೆ ಹೊಲಕ್ಕೆ ಬಂದರೆ ಹೊಳಿಯವ್ವ ಒಬ್ಬಳೇ ಜೋಳ ಕೊಯ್ಯುತ್ತಿದ್ದಳು. ನಾಲ್ಕು ಸಾಲು ಯಾವಾಗಲೋ ಮುಗಿದಿತ್ತು. ತನ್ನ ಹೊಲದೊಳಕ್ಕೂ ಕೊಯ್ಯುತ್ತ ಹೋಗಿದ್ದಳು. ಗರಿ ತಾಗಿ ಕೈಯೆಲ್ಲ ರಕ್ತ. ತಮ್ಮನ ಮುಖ ನೋಡದೆಯೇ ಕೇಳಿದಳು.

"ಅಲ್ಲಿ ದೂರ ನಿಂತು ನೋಡು. ಈಗ ಕಾಣ್ತೈತೇನು?"

ಹಾಲೇಶಪ್ಪ ಹಳಿಗುಂಟ ದೂರ ಹೋಗಿ ನಿಂತು ನೋಡಿದ. ಬೋರ್ಡು ಹಳದಿಯಾಗಿ, ಸ್ವಚ್ಛ ಕಾಣುತ್ತಿತ್ತು.

"ಕಾಣ್ತೈತಿ ಅಕ್ಕಾ," ಎಂದು ಕೂಗಿ ಹೇಳಿದ.

ಹೊಳಿಯವ್ವ ಕುಡುಗೋಲು ಬಿಸಾಕಿ, ಕೊಯ್ದ ಹಸಿ ತೆನೆಗಳ ಮೇಲೆ ಕುಸಿದು ಎದೆ ಬಡಿದುಕೊಂಡಳು. "ಒಂದ ವಾರ ತಡಿ ಅಂದ್ನೆಲ್ಲೋ ತಮ್ಮಾ! ಒಂದ ವಾರ!"