ಗೇಟಿನ ಪಕ್ಕದ ಗೂಟಗಳು

ತಲೆವಸ್ತ್ರ ಹಾಕಿಕೊಂಡು ಯಾರೂ ತರಗತಿಗೆ ಬರಕೂಡದು ಎಂದು ಸರ್ಕಾರಿ ಶಾಲೆಗೆ ಸುತ್ತೋಲೆ ಬಂತು. ಮೇಲಿನವರು ಕೆಮ್ಮಿದರೆ ಹೆಡ್‌ಮೇಡಂಗೆ ನೆಗಡಿ. ಅಂದೇ ಬಡಗಿಯನ್ನು ಕರೆಸಿ, ಹುಡುಗಿಯರು ವಸ್ತ್ರ ತೆಗೆದು ನೇತುಹಾಕಿ ಒಳಗೆ ಬರಲೆಂದು ಗೇಟಿನ ಪಕ್ಕದ ಗೋಡೆಗೆ ಸಾಲಾಗಿ ಗೂಟ ಹೊಡೆಸಿದರು. ಎಷ್ಟು ಎತ್ತರಕ್ಕೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಆಸಾಮಿ ಆರಡಿ ಉದ್ದ; ತನ್ನ ಅಂಗಿ ನೇತುಹಾಕುವ ಎತ್ತರಕ್ಕೇ ಹೊಡೆದು ಹೋದ.

ಮರುದಿನ ಸಾಲಿನಲ್ಲಿ ಮೊದಲು ನಿಂತವಳು ಆರನೇ ತರಗತಿಯ ಹುಡುಗಿ. ಚೋಟುದ್ದ ಇದ್ದುದರಿಂದ ಎಲ್ಲರ ಬಾಯಲ್ಲೂ ಅವಳು ಚೋಟಿ. ತುದಿಗಾಲಲ್ಲಿ ನಿಂತರೂ ಗೂಟ ಸಿಗಲಿಲ್ಲ.

“ಮೇಡಂ, ಎಟುಕ್ತಾ ಇಲ್ಲ.”

ಹೆಡ್‌ಮೇಡಂ ಒಳಗಿಂದ ಸ್ಟೂಲು ತರಿಸಿದರು. ಸುಳ್ಳು ಹೇಳಿದವರನ್ನು, ಕಾಪಿ ಹೊಡೆದವರನ್ನು ಹತ್ತಿಸಿ ನಿಲ್ಲಿಸುವ ಸ್ಟೂಲು ಅದು. ಶಾಲೆಯಲ್ಲಿ ಇದ್ದದ್ದೇ ಅದೊಂದು.

“ಹತ್ತು. ಬೇಗ ತೆಗೆದು ಹಾಕು, ಬೆಲ್ ಆಗುತ್ತೆ.”

ಚೋಟಿ ಹತ್ತಿದಳು. ವಸ್ತ್ರ ಬಿಚ್ಚಿ, ಮಡಿಸಿ, ಗೂಟಕ್ಕೆ ಹಾಕಿದಳು. ಹಿಂದಿದ್ದವರೆಲ್ಲ ಅವಳ ತಲೆಯನ್ನೇ ನೋಡುತ್ತಿದ್ದರು. ಅವಳು ಇಳಿಯಲಿಲ್ಲ.

“ಆಯ್ತಲ್ಲ, ಇಳಿಯಮ್ಮ.”

“ಹೇಗೆ ಇಳೀಲಿ ಮೇಡಂ? ಈ ಸ್ಟೂಲ್ ಹತ್ತಿದವರು ಏನು ತಪ್ಪು ಮಾಡಿದ್ವಿ ಅಂತ ಎಲ್ಲರ ಮುಂದೆ ಹೇಳಿನೇ ಇಳೀಬೇಕು ಅಂತ ನೀವೇ ರೂಲ್ ಮಾಡಿದ್ದೀರಿ. ನಂದೇನು ತಪ್ಪು ಅಂತ ಹೇಳ್ಕೊಡಿ, ಹೇಳಿ ಇಳೀತೀನಿ.”