ಏಳನೆಯ ಪಾಠದ ಆಯಾ

ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ಮಡಿಸಿಟ್ಟ ಬೆಡ್‌ಶೀಟುಗಳ ರಾಶಿಯ ಪಕ್ಕದಲ್ಲೇ ಟೀಚರಮ್ಮನ ಇಂಗ್ಲಿಷ್ ತರಗತಿ. ಎದುರಿಗೆ ಹನ್ನೊಂದು ಮಂದಿ ಆಯಾಗಳು. ನಾನಾ ದೇಶದ ರೋಗಿಗಳು ಬರುವ ಆಸ್ಪತ್ರೆ ಅದು. ಇಂಗ್ಲಿಷಿನ ಬಾಯಿಪರೀಕ್ಷೆಯಲ್ಲಿ ಪಾಸಾದವರಿಗಷ್ಟೇ ಕೆಲಸ ಕಾಯಂ, ಉಳಿದವರು ತಿಂಗಳ ಕೊನೆಗೆ ಮನೆಗೆ ಎಂದು ಮೇಲಿನವರ ಅಪ್ಪಣೆಯಾಗಿತ್ತು.

ಪಾಠದ ಪುಸ್ತಕ ಬರೆದವರೂ ಟೀಚರಮ್ಮನೇ. ಏಳನೆಯ ಪಾಠದಲ್ಲಿ ಡಾಕ್ಟರು, ರೋಗಿ, ಆಯಾ ಮೂವರ ಸಂಭಾಷಣೆ. ಡಾಕ್ಟರದು ಇಸ್ತ್ರಿ ಹಾಕಿದಂಥ ಇಂಗ್ಲಿಷು. ಆಯಾಳದು ಮುರುಕು ಇಂಗ್ಲಿಷು, ಕಲಿಯುವವರು ತಿದ್ದಲಿ ಎಂದು.

ಆ ದಿನ ಆಯಾಳ ಪಾತ್ರ ಓದುವ ಸರದಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕನದು. "ಯೂ ವಾಟರ್ ವಾಂಟ್?" ಎಂದು ಓದಿ ನಿಲ್ಲಿಸಿಬಿಟ್ಟಳು.

"ಟೀಚರಮ್ಮ, ಬೇಜಾರು ಮಾಡ್ಕೋಬೇಡಿ. ಈ ಪಾಠದಲ್ಲಿ ಸಾಯೋ ಹಂಗಿರೋ ರೋಗೀನೂ ನೆಟ್ಟಗೆ ಮಾತಾಡ್ತಾನೆ. ಆಯಾ ಒಬ್ಬಳ ನಾಲಿಗೆಗೆ ಏನಾಗಿದೆ?"

ಹಿಂದಿನ ಬೆಂಚು ಕಿಸಕ್ಕೆಂದಿತು.

"ನೀನಾದ್ರೆ ಹೇಗೆ ಕೇಳ್ತಿದ್ದೆ?" ಎಂದರು ಟೀಚರಮ್ಮ.

"ಎ ಡ್ರಾಪ್ ಆಫ್ ವಾಟರ್, ಮೈ ಲವ್?"

ಅಲೆಯ ಮೇಲೆ ದೋಣಿ ತೂಗಿದಂತೆ ಮಾತು ಮೇಲೆದ್ದು ಕೆಳಗಿಳಿಯಿತು. ಇಷ್ಟು ದಿನ ಆ ರಾಗ ಕೇಳಿದಾಗಲೆಲ್ಲ ಟೀಚರಮ್ಮ ತಡೆದು ತಿದ್ದಿದ್ದರೇ ಹೊರತು, ಅದು ಯಾರ ಮನೆಯಿಂದ ಬಂತೆಂದು ಕೇಳಿರಲಿಲ್ಲ. ಈಗ ಕೇಳಿದರು.

"ಹಡಗಿನ ಕ್ಯಾಪ್ಟನ್ ಒಬ್ಬನ ಹೆಂಡ್ತಿ, ಇಂಗ್ಲಿಷರ ಕಡಲ ಕಡೆಯೋಳು. ಹಾಸಿಗೆ ಹಿಡಿದಿದ್ಲು, ಒಂಬತ್ತು ವರ್ಷ ನೋಡ್ಕೊಂಡೆ. ಅವಳ ಊರಲ್ಲಿ ಮೀನು ಮಾರೋರೂ ಹೀಗೇ ಮಾತಾಡೋದಂತೆ, ಪಾದ್ರೀನೂ ಹೀಗೇ ಅಂತೆ."

ಮಧ್ಯಾಹ್ನ ಟೀಚರಮ್ಮ ನೋಟ್‌ಬುಕ್ ಹಿಡಿದು ವಾರ್ಡಿಗೆ ಹೋಗಿ ಕಿವಿಯಾಗಿ ಕುಳಿತರು. ಕಾಲು ಮುರಿದ ಅಡುಗೆಯವನು, ಕಣ್ಣಿಗೆ ಪಟ್ಟಿ ಕಟ್ಟಿದ ಇಂಜಿನಿಯರು, ಕೆಮ್ಮುವ ಅಜ್ಜಿ. ಎಲ್ಲರೂ ಬೇಕಾದ್ದನ್ನು ಕೇಳಿದ್ದು ಇಂಗ್ಲಿಷಿನಲ್ಲೇ, ಒಬ್ಬರದು ಇನ್ನೊಬ್ಬರ ಹಾಗಿಲ್ಲ. ಪುಸ್ತಕದ ಇಂಗ್ಲಿಷನ್ನು ಮಾತ್ರ ಯಾರೊಬ್ಬರೂ ಆಡಲಿಲ್ಲ. ನಾಲಿಗೆ ಒಂದೇ ಕೊಟ್ಟರೂ ಭಗವಂತ ರಾಗಕ್ಕೆ ಜಿಪುಣತನ ಮಾಡಿಲ್ಲವಲ್ಲ ಎಂದು ಅವರು ಮನಸ್ಸಿನಲ್ಲೇ ಕೈಮುಗಿದರು. ಮರುದಿನ ದೊಡ್ಡಕ್ಕ ಹೇಳುತ್ತಾ ಹೋದಳು, ಅವರು ಏಳನೆಯ ಪಾಠವನ್ನು ಹೊಸದಾಗಿ ಬರೆಯುತ್ತಾ ಹೋದರು.

ಪರೀಕ್ಷೆ ಮಾಡಲು ಬಂದ, ನರ್ಸುಗಳಿಗೆಲ್ಲ ಮುಖ್ಯಸ್ಥೆಯಾದ ಮೇಟ್ರನ್, ದೊಡ್ಡಕ್ಕನ ಸರದಿ ಬಂದಾಗ ಹೊಸ ಪಾಠದ ಹಾಳೆ ನೋಡಿ ಹುಬ್ಬೇರಿಸಿದರು. "ಇದು ಈಕೆ ಮಾತಾಡೋ ಹಾಗೇ ಇದೆಯಲ್ಲ. ಪಾಸು ಮಾಡ್ಸೋಕೆ ಅಂತ ತಿದ್ದಿದ್ರಾ?"

ಟೀಚರಮ್ಮ ಮುಚ್ಚಿಡಲಿಲ್ಲ. "ಈಕೆಯದೇ ಮಾತು ಮೇಡಂ. ತಿದ್ದಿದ್ದು ನನ್ನ ತಪ್ಪನ್ನ. ಆಯಾ ಹೀಗೆ ಮಾತಾಡ್ತಾಳೆ ಅಂತ ಕೂತಲ್ಲೇ ಬರೆದಿದ್ದೆ, ಕೇಳಿ ಬರೆದಿರ್ಲಿಲ್ಲ. ಬೇಕಾದ್ರೆ ಹಾಳೆ ಬಿಟ್ಟು ಕೇಳಿ ನೋಡಿ."

"ಕೇಳ್ತೀನಿ. ಮೊದಲು ಇದು ಹೇಳಮ್ಮ, ರೋಗೀನ 'ಮೈ ಲವ್' ಅಂದ್ರೆ ಅವನ ಹೆಂಡ್ತಿ ಸುಮ್ನಿರ್ತಾಳಾ?"

"ನನ್ನ ಮುಖ ನೋಡಿದ್ಮೇಲೆ ಸುಮ್ನಿರ್ತಾಳೆ ಬಿಡಿ," ಎಂದಳು ದೊಡ್ಡಕ್ಕ.

ಮೇಟ್ರನ್ ಬಂದ ನಗುವನ್ನು ನುಂಗಿಕೊಂಡು ಹಾಳೆ ಮಗುಚಿ ಇಟ್ಟರು. ಆಮೇಲೆ ತಮ್ಮ ಓಟದ ಇಂಗ್ಲಿಷಿನಲ್ಲಿ ಜ್ವರ, ಔಷಧಿ, ಬೆಡ್‌ಪ್ಯಾನು, ರಾತ್ರಿಯ ನೋವು ಎಂದು ಹತ್ತು ಪ್ರಶ್ನೆ ಎಸೆದರು. ಹತ್ತಕ್ಕೂ ದೊಡ್ಡಕ್ಕ ತನ್ನ ಅಲೆಯ ರಾಗದಲ್ಲೇ ಉತ್ತರ ಕೊಟ್ಟಳು. ಒಂದು ಪ್ರಶ್ನೆಯನ್ನೂ ಎರಡು ಸಲ ಕೇಳಬೇಕಾಗಲಿಲ್ಲ, ಒಂದು ಉತ್ತರವನ್ನೂ ಎರಡು ಸಲ ಹೇಳಿಸಬೇಕಾಗಲಿಲ್ಲ.

ಉಚ್ಚಾರಣೆಯ ಕಾಲಮ್ಮಿನ ಮುಂದೆ ಮೇಟ್ರನ್ನರ ಪೆನ್ನು ತಡೆಯಿತು. ಸ್ವಲ್ಪ ಯೋಚಿಸಿ 'ಕಡಲ ಕಡೆಯದು, ತೊಂದರೆಯಿಲ್ಲ' ಎಂದು ಬರೆದು ಸಹಿ ಹಾಕಿದರು.

"ಹಾಗಂದ್ರೆ ಪಾಸೋ ಫೇಲೋ?" ಎಂದಳು ದೊಡ್ಡಕ್ಕ.

"ನಾಳೆಯಿಂದ ಕಾಯಂ."

ದೊಡ್ಡಕ್ಕ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. "ಹಾಗಾದ್ರೆ ಬರ್ತೀನಿ, ಆರನೇ ಬೆಡ್ಡಿನ ಶೀಟು ಬದಲಾಯಿಸ್ಬೇಕು," ಎಂದು ಹೊರಟೇಬಿಟ್ಟಳು.